ನೆಲಮಾಳಿಗೆಯ ಹವಾಮಾನ

ಉತ್ತರ ಡಕೋಟಾದ ಜುಲೈ. ಡೇಲ್ ಬೀಟ್ ಹೊಲದಲ್ಲಿ,
ಮಕ್ಕಳು ಸೈಕಲ್ಲು ಹತ್ತಿ ಕಾಲುವೆಯ ಕಡೆ.
ಪೊರಕೆ, ಬಕೆಟ್ಟು, ಮೂರು ರಟ್ಟಿನ ಪೆಟ್ಟಿಗೆ ಹಿಡಿದು
ಹನ್ನೊಂದು ಮೆಟ್ಟಿಲು ಇಳಿದೆ
ನಮ್ಮ ಶಾಲೆಗೆ.

ಪೆಟ್ಟಿಗೆಗಳ ಮೇಲೆ ಬರೆದದ್ದು: ಇರಲಿ. ಕೊಡೋಣ. ಹೋಗಲಿ.
ಬರೆಯುವಾಗ ಎಷ್ಟು ಸುಲಭವಿತ್ತು.

ಶಾಲೆ ಎಂದರೆ ಇಷ್ಟೇ:
ಬಾಯ್ಲರಿನ ಪಕ್ಕ ಒಂದು ಉದ್ದನೆಯ ಮೇಜು, ಚರ್ಚಿನವರು ಮಾರಿದ್ದು,
ಅಡಿಯಲ್ಲಿ ಇನ್ನೂ ಯಾರೋ ಅಂಟಿಸಿದ ಚೂಯಿಂಗ್ ಗಮ್ಮು;
ಇಟ್ಟಿಗೆಯ ಮೇಲೆ ಹತ್ತಿ ಕೂತ ಕಪಾಟು,
ಯಾಕೆಂದರೆ ಏಪ್ರಿಲ್ಲಿನಲ್ಲಿ ಹಿಮ ಕರಗಿತೆಂದರೆ
ನದಿ ಕರೆಯದೆಯೇ ಪಾಠಕ್ಕೆ ಬಂದು ಕೂರುತ್ತದೆ.
ಒಂದು ವರ್ಷ ಅದು ಕೆಳಗಿನ ಸಾಲಿನ ಇತಿಹಾಸವನ್ನೆಲ್ಲ
ಒಂದೇ ರಾತ್ರಿ ಓದಿ ಮುಗಿಸಿತ್ತು.

ಮೊದಲು ಪೆನ್ಸಿಲ್ಲು. ಮೋಟು ಮೋಟು, ಅರವತ್ತಮೂರು.
ಕಚ್ಚಿದ ಗುರುತು ನೋಡಿಯೇ ಹೇಳಬಲ್ಲೆ ಯಾರದೆಂದು.
ಆನ್ಸೆಲ್ ತುದಿಯಲ್ಲಿ ಕಚ್ಚುತ್ತಾನೆ, ಜೋರಿ ಎಲ್ಲೆಂದರಲ್ಲಿ,
ಭಾಗಾಕಾರದ ವಾರಗಳಲ್ಲಿ ಸೀಸದವರೆಗೆ.
ಬ್ರಿಟಾಳದ್ದು ನುಣ್ಣಗಿವೆ. ಅವಳು ಕಚ್ಚುವುದಿಲ್ಲ,
ಸುಮ್ಮನೆ ನೋಡುತ್ತಾಳೆ.

ಒಣಗಿದ ಗೋಂದು.
ಎಣಿಕೆಗೆಂದು ತಂದ ಬೀಜ, ಹುಳ ಹಿಡಿದು ಲೆಕ್ಕವೆಲ್ಲ ಟೊಳ್ಳು.
ಭಿನ್ನರಾಶಿಯ ಮರದ ರೊಟ್ಟಿ, ಆರರಲ್ಲಿ ಐದೇ ಚೂರು;
ವರ್ಷವಿಡೀ ಒಂದನ್ನು ಊಹಿಸಿಕೊಂಡೇ ಪೂರ್ಣ ಮಾಡುತ್ತಿದ್ದೆವು.
ಅದೀಗ ಬಾಯ್ಲರಿನ ಹಿಂದೆ ಸಿಕ್ಕಿತು, ಇಲಿ ಅಂಚು ತಿಂದಿದೆ.
ಈಗದು ಏಳರಲ್ಲೊಂದೋ ಏನೋ.

ಅಲ್ಲೇ, ಪೈಪಿಗೂ ಗೋಡೆಗೂ ನಡುವೆ
ಸಿಕ್ಕಿಕೊಂಡಿತ್ತು ಒಂದು ನೀಲಿ ನೋಟ್‌ಬುಕ್ಕು.
'ಹವಾಮಾನ ವೀಕ್ಷಣೆ. ಬ್ರಿಟಾ. ವಯಸ್ಸು ಒಂಬತ್ತು.'
ನಾನೇ ಕೊಟ್ಟ ಕೆಲಸ: ದಿನಕ್ಕೆ ಮೂರು ಸಲ ಕಿಟಕಿಗೆ ಹೋಗು,
ಕಂಡದ್ದನ್ನು ಬರೆ, ಅನಿಸಿದ್ದನ್ನಲ್ಲ.

ನವೆಂಬರ್ ಅಚ್ಚುಕಟ್ಟು. ವಾಯವ್ಯದ ಗಾಳಿ. ಮೋಡ. ಮೋಡ.
ಜನವರಿ ಒಂಬತ್ತು: 'ಕಿಟಕಿ ಹಿಮದಲ್ಲಿ ಮುಚ್ಚಿದೆ. ಹೊರಗೇನೂ ಕಾಣದು.
ಆದ್ದರಿಂದ ಒಳಗಿನದನ್ನು ಬರೆಯುತ್ತೇನೆ.

ಬೆಳಿಗ್ಗೆ: ಅಮ್ಮ, ಒಣಹವೆ. ಕಾಫಿಯ ನಂತರ ಬಿಸಿಲು.
ಮಧ್ಯಾಹ್ನ: ಆನ್ಸೆಲನ ದಿಕ್ಕಿನಿಂದ ಬಿರುಗಾಳಿ. ಅಮ್ಮ, ಗುಡುಗು, ಎರಡು ಸಲ.
ಸಂಜೆ: ಅಮ್ಮ ಬಾಯ್ಲರಿನ ಹಿಂದೆ ನಿಂತಿದ್ದಾಳೆ.
ಬಟ್ಟೆ ಮಡಚುತ್ತಿದ್ದೇನೆ ಅಂದಳು. ಬಟ್ಟೆ ಇರಲಿಲ್ಲ.
ತುಂತುರು.'

ನಲವತ್ತು ದಿನ ಹೀಗೇ. ಒಂದೂ ತಪ್ಪಿಸಿಲ್ಲ ಹುಡುಗಿ.
ಫೆಬ್ರವರಿ ಹದಿನಾರು: 'ಅಮ್ಮ ಜೋರಾಗಿ ನಕ್ಕಳು.
ಮುನ್ಸೂಚನೆ ಇರಲಿಲ್ಲ. ಕಾರಣ ತಿಳಿಯದು.'
ನನಗೂ ತಿಳಿಯದು. ಪೊರಕೆ ಹಿಡಿದೇ ಯೋಚಿಸಿದೆ,
ಏನಿತ್ತಪ್ಪಾ ಆವತ್ತು ಅಷ್ಟು ನಗುವಂಥದ್ದು?

ಪ್ರತಿ ಪುಟದ ಮೂಲೆಯಲ್ಲೂ ನನ್ನ ಕೆಂಪು ಟಿಕ್ಕು.
ಓದದೆ ಹಾಕಿದ್ದು.

ನಾಲ್ಕಕ್ಕೆ ಕಿರ್ಸ್ಟೆನ್ ಬಂದಳು, ಏಳು ತಿಂಗಳ ಹೊಟ್ಟೆ,
ಕೈ ಹಿಡಿದೆಳೆಯುವ ನಾಲ್ಕು ವರ್ಷದವನು.
'ಕೊಡೋಣ' ಪೆಟ್ಟಿಗೆಯನ್ನು ನಾನೇ ಅವಳ ವ್ಯಾನಿಗೆ ಹೊತ್ತೆ.
ಎಲ್ಲಿಂದ ಶುರು ಮಾಡಲಿ, ಏನು ಬೇಕಾಗುತ್ತದೆ, ಎಂದಳು.
ಪೆನ್ಸಿಲ್ಲು ಜಾಸ್ತಿ ತಗೋ, ಅಂದೆ.
ಇನ್ನೇನೋ ಹೇಳಬೇಕಿತ್ತು. ಅಷ್ಟರಲ್ಲಿ ಮಗು ಭೂಗೋಳವನ್ನು ಒದ್ದಿತು.

ಮತ್ತೆ ಇಳಿದು ದೀಪ ಆರಿಸುವ ಹೊತ್ತಿಗೆ
ಬ್ರಿಟಾ, ಈಗ ಹದಿನಾಲ್ಕು, ಮೇಲಿನ ಮೆಟ್ಟಿಲಲ್ಲಿ,
ಕೂದಲಿಂದ ಕಾಲುವೆಯ ನೀರು ತೊಟ್ಟಿಕ್ಕುತ್ತ.
ನನ್ನ ಕಂಕುಳಲ್ಲಿದ್ದ ನೀಲಿ ಅಂಚು ನೋಡಿದಳು,
ಮುಖ ನೋಡಿದಳು,
ಕಿಟಕಿಗೆ ಬಂದವಳ ಹಾಗೆ, ಅವಸರವಿಲ್ಲದೆ.

ಬಟ್ಟೆ ಮಡಚುತ್ತಿದ್ದೆ, ಅಂದೆ.

ಹೂಂ, ಅಂದಳು. ಊಟಕ್ಕೆ ಏನಿದೆ?